ತೆಗೆದಿದ್ದರೆ ತೆಗೆದಿದ್ದೇವೆ ಎಂದೇ ಬರೆದುಕೊಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಹಾಸನದ ನಿವೃತ್ತ ಅಧಿಕಾರಿಯೊಬ್ಬರು ಬರೆದಿದ್ದನ್ನು ಓದಿದೆ. ಈಗಿನ ಹುಡುಗರು ಎರಡು ವರ್ಷಕ್ಕೊಂದು ಕಂಪನಿ ಬದಲಾಯಿಸುತ್ತಾರೆ, ಅನ್ನ ಕೊಟ್ಟ ಸಂಸ್ಥೆಯ ಮೇಲೆ ನಿಷ್ಠೆಯೇ ಇಲ್ಲ, ಉಂಡ ಮನೆಯ ಜಂತೆ ಎಣಿಸುತ್ತಾರೆ ಎಂದು ಅವರು ನೊಂದುಕೊಂಡಿದ್ದರು. ಅವರ ನೋವು ನನಗೆ ಅರ್ಥವಾಗುತ್ತದೆ. ನಾನೂ ಹಾಗೇ ಬೆಳೆದವಳು. ಬೆಂಗಳೂರಿನ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ 17 ವರ್ಷ ಇದ್ದೆ. 2007ರಲ್ಲಿ ಕಾಲೇಜಿನಿಂದ ಸೀದಾ ಸೇರಿದವಳು ಬೇರೆ ಕಂಪನಿಯ ಮೆಟ್ಟಿಲು ಹತ್ತಲಿಲ್ಲ. 2024ರ ಜುಲೈನಲ್ಲಿ ಅಲ್ಲಿಂದ ಹೊರಗೆ ಬಂದೆ. ಹೇಗೆ ಬಂದೆ ಅನ್ನುವುದನ್ನು ಆ ಹಿರಿಯರಿಗೆ ಹೇಳಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಅಮ್ಮನ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಹಾಗಾಗಿ ಎರಡು ವಾರ ಚಿಕ್ಕಮಗಳೂರಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಬುಧವಾರ ಸಂಜೆ ನಾಲ್ಕೂವರೆಗೆ ಒಂದು ಮೀಟಿಂಗ್ ಇದೆ ಎಂದು ಮೇಲ್ ಬಂತು. ವಿಷಯದ ಜಾಗದಲ್ಲಿ 'ಚರ್ಚೆ' ಅಂತ ಮಾತ್ರ ಇತ್ತು. ಹೊರಗೆ ಮಳೆ ಜೋರಾಗಿತ್ತು. ಹಿತ್ತಲಿನ ಶೀಟಿನ ಮೇಲೆ ಬೀಳುವ ಸದ್ದಿಗೆ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಪರದೆಯಲ್ಲಿ ನನ್ನ ಮ್ಯಾನೇಜರ್ ಇದ್ದ. ಎಚ್‌ಆರ್ ವಿಭಾಗದ ಒಬ್ಬ ಹೆಣ್ಣುಮಗಳು ಇದ್ದಳು, ಅವಳನ್ನು ನಾನು ಯಾವತ್ತೂ ನೋಡಿರಲಿಲ್ಲ. ಆ ಮ್ಯಾನೇಜರನ್ನು ಒಂಬತ್ತು ವರ್ಷದ ಹಿಂದೆ ಇಂಟರ್‌ವ್ಯೂ ಮಾಡಿ, ಈ ಹುಡುಗ ಬೇಕು ಎಂದು ಬರೆದುಕೊಟ್ಟವಳು ನಾನೇ. ಅವನು ನನ್ನ ಮುಖ ನೋಡಲಿಲ್ಲ. ಅವನ ಕಣ್ಣು ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ ಹೋಗುತ್ತಿತ್ತು. ಏನನ್ನೋ ಓದುತ್ತಿದ್ದಾನೆ ಎಂದು ಆಗ ಗೊತ್ತಾಯಿತು.

ಹನ್ನೊಂದು ನಿಮಿಷ. ನನ್ನ ಹುದ್ದೆ ಇನ್ನು ಇರುವುದಿಲ್ಲವಂತೆ. ನಾಳೆ ಮಧ್ಯಾಹ್ನ ಹನ್ನೆರಡರ ಒಳಗೆ ನಾನಾಗಿ ರಾಜೀನಾಮೆ ಕೊಟ್ಟರೆ ಮೂರು ತಿಂಗಳ ಸಂಬಳ, ಒಳ್ಳೆಯ ಮಾತಿರುವ ರಿಲೀವಿಂಗ್ ಲೆಟರ್, ಅಂದರೆ ಕೆಲಸದಿಂದ ಬಿಡುಗಡೆಯಾದ ಪತ್ರ. ಕೊಡದಿದ್ದರೆ ಕಂಪನಿಯೇ ತೆಗೆಯುತ್ತದೆ, ಆಗ ಲೆಟರಿನಲ್ಲಿ ಏನು ಬರುತ್ತದೋ ಹೇಳುವುದಕ್ಕೆ ಆಗುವುದಿಲ್ಲ. ಅಷ್ಟೇ. ಆರು ಗಂಟೆಗೆ ಮೇಲ್ ಬಂದ್ ಆಯಿತು. ಜೊತೆಗೆ ಕೆಲಸ ಮಾಡಿದ ಎಷ್ಟೋ ಜನರ ಫೋನ್ ನಂಬರ್ ಅದರಲ್ಲೇ ಉಳಿಯಿತು.

ಮಾರನೇ ದಿನ ಬೆಳಿಗ್ಗೆ ರಾಜೀನಾಮೆ ಹಾಕಲು ಕಂಪನಿಯ ವೆಬ್‌ಸೈಟ್ ತೆರೆದೆ. ಕಾರಣ ಆರಿಸಿ ಅಂತ ಒಂದು ಪಟ್ಟಿ ಬಂತು. ಉನ್ನತ ವ್ಯಾಸಂಗ. ಮದುವೆ. ಆರೋಗ್ಯ. ಬೇರೆ ಕಡೆ ಒಳ್ಳೆಯ ಅವಕಾಶ. ಊರು ಬದಲಾವಣೆ. ವೈಯಕ್ತಿಕ ಕಾರಣ. ಪಟ್ಟಿಯನ್ನು ಮೇಲೆ ಕೆಳಗೆ ಎರಡು ಮೂರು ಸಲ ಎಳೆದು ನೋಡಿದೆ. 'ಕಂಪನಿ ಹೋಗು ಎಂದಿತು' ಅನ್ನುವ ಸಾಲು ಅದರಲ್ಲಿ ಇರಲಿಲ್ಲ. ಕೊನೆಗೆ 'ವೈಯಕ್ತಿಕ ಕಾರಣ' ಒತ್ತಿದೆ.

ಸಂಪಾದಕರೇ, ಕೆಲಸ ಹೋಗಿದ್ದಕ್ಕಿಂತ ಅದನ್ನು ಒತ್ತಿದ್ದು ನನಗೆ ಜಾಸ್ತಿ ನೋವು ಕೊಟ್ಟಿದೆ. ನನ್ನ ಕೈಯಿಂದಲೇ ಸುಳ್ಳು ಬರೆಸಿದರು.

ಎರಡು ದಿನ ಬಿಟ್ಟು ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಲು ಕೊರಿಯರ್ ಹುಡುಗ ಬಂದ. ನೆನೆದು ತೊಪ್ಪೆಯಾಗಿದ್ದ. ಅವನು ತಂದ ಡಬ್ಬಿ ಚಿಕ್ಕದಾಗಿತ್ತು, ಚಾರ್ಜರ್ ಹಿಡಿಸಲಿಲ್ಲ. ಅಮ್ಮ ಅವನಿಗೆ ಕಾಫಿ ಕೊಟ್ಟು, ಕಣ್ಣಿಗೆ ಹಾಕಿದ್ದ ಕಪ್ಪು ಕನ್ನಡಕದಲ್ಲೇ ನನ್ನ ಕಡೆ ತಿರುಗಿ, "ರಿಪೇರಿಗೆ ಕೊಡ್ತಿದ್ದೀಯೇನೇ?" ಎಂದಳು. ಹೂಂ ಅಂದೆ. ಇನ್ನೂ ಮೂರು ದಿನ ಹೇಳಲಿಲ್ಲ. ಹೇಳಿದ ದಿನ ಅಮ್ಮ ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ನಿಮ್ಮಪ್ಪನ ಸಾಹುಕಾರ್ರು ಕಣಕ್ಕೆ ಬಂದು ಹೇಳಿದ್ರಲ್ಲ, ಹಂಗೆ ನಿಮ್ಮಲ್ಲಿ ಯಾರೂ ಬಂದು ಹೇಳಲಿಲ್ವಾ?" ಎಂದು ಕೇಳಿದಳು.

ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ 31 ವರ್ಷ ರೈಟರಾಗಿ, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವರಾಗಿ ಇದ್ದರು. 2001-02ರಲ್ಲಿ ಕಾಫಿ ಬೆಲೆ ನೆಲ ಕಚ್ಚಿತ್ತು. ನಮ್ಮ ಜಿಲ್ಲೆಯ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ. ಕೊಯ್ಲಿನ ಕೂಲಿಯೂ ಗಿಟ್ಟುತ್ತಿರಲಿಲ್ಲ. ನಾನಾಗ ಪಿಯುಸಿ. ಒಂದು ಶನಿವಾರ, ಬಟವಾಡೆಯ ದಿನ, ಸಾಹುಕಾರರು ಕಣಕ್ಕೆ ಬಂದರು. ಆಳುಗಳೆಲ್ಲ ಸಾಲಾಗಿ ನಿಂತಿದ್ದರು. ಅಪ್ಪ ಮೇಜಿನ ಹಿಂದೆ ಮಸ್ಟರ್ ರೋಲ್ ಇಟ್ಟುಕೊಂಡು ಕೂತಿದ್ದರು. "ಬೆಲೆ ಇಲ್ಲ, ನಿಮಗೂ ಗೊತ್ತು. ಇನ್ನು ವಾರಕ್ಕೆ ನಾಲ್ಕು ದಿನ ಮಾತ್ರ ಕೆಲಸ ಕೊಡೋಕಾಗುತ್ತೆ. ಯಾರನ್ನೂ ಕಳಿಸಲ್ಲ. ಬೇರೆ ಕಡೆ ಜಾಸ್ತಿ ಸಿಕ್ಕರೆ ಹೋಗಿ ಬನ್ನಿ, ಲೈನ್ ಮನೆ ಖಾಲಿ ಮಾಡಿ ಅಂತ ಅನ್ನಲ್ಲ" ಎಂದರು. ಅಪ್ಪನ ಸಂಬಳವೂ ಕಡಿಮೆಯಾಯಿತು. ನನ್ನ ಕಾಲೇಜಿನ ಫೀಸಿಗೆ ಅಮ್ಮನ ಬಳೆ ಹೋಯಿತು. ಆದರೆ ಅಪ್ಪ ಆ ಮನುಷ್ಯನ ಬಗ್ಗೆ ಸಾಯುವವರೆಗೂ ಒಂದು ಕೆಟ್ಟ ಮಾತು ಆಡಲಿಲ್ಲ.

ಹಾಗಂತ ತೋಟದ ಕಾಲವೇ ಸ್ವರ್ಗವಾಗಿತ್ತು ಎಂದು ನಾನು ಹೇಳಲಾರೆ. ಲೈನ್ ಮನೆಯ ಹೆಂಚು ಒಡೆದರೆ ಎರಡು ಮಳೆಗಾಲ ಕಾಯಬೇಕಿತ್ತು. ಮುಂಗಡ ತೆಗೆದುಕೊಂಡವರ ಲೆಕ್ಕ ಚುಕ್ತಾ ಆಗಿದ್ದನ್ನು ನಾನು ನೋಡಿಲ್ಲ. ಕೆಲಸ ಹೋದರೆ ಮನೆಯೂ ಹೋಗುತ್ತದೆ ಅನ್ನುವ ಭಯದಲ್ಲೇ ಎಷ್ಟೋ ಜನ ಬಾಯಿ ಮುಚ್ಚಿಕೊಂಡಿದ್ದರು. ಆ ಭಯವನ್ನು ನಿಷ್ಠೆ ಎಂದು ಕರೆಯುವುದಕ್ಕೆ ನನಗೆ ಮನಸ್ಸಿಲ್ಲ. ಆದರೆ ಕೆಟ್ಟ ಸುದ್ದಿಯನ್ನು ಎದುರಿಗೆ ನಿಂತು, ತನ್ನ ಬಾಯಿಂದ ಹೇಳುವ ಮರ್ಯಾದೆ ಆ ಕಣದಲ್ಲಿ ಇತ್ತು. ಕೆಲಸ ಕಡಿಮೆ ಮಾಡುತ್ತಿರುವುದು ತಾನು ಎಂದು ಅವರು ಒಪ್ಪಿಕೊಂಡರು. 'ನಿಮಗೇ ಬೇಡವಾಗಿದೆ ಅಂತ ಹೆಬ್ಬೆಟ್ಟು ಒತ್ತಿ' ಎಂದು ಯಾರಿಗೂ ಹೇಳಲಿಲ್ಲ.

ನಮ್ಮ ಜಿಲ್ಲೆಯ ಕುದುರೆಮುಖವನ್ನೂ ನೆನೆಯುತ್ತೇನೆ. ಗಣಿಗಾರಿಕೆ ನಿಲ್ಲಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. ನಿಂತಿದ್ದು 2005ರ ಡಿಸೆಂಬರ್ 31ಕ್ಕೆ. ಭದ್ರೆಗೂ ಕಾಡಿಗೂ ಅದು ಆಗಬೇಕಿತ್ತು. ಇಡೀ ಟೌನ್‌ಶಿಪ್ ಬರಿದಾಯಿತು, ಆ ಸಂಕಟ ಸಣ್ಣದಲ್ಲ. ಆದರೆ ಅಲ್ಲಿಯವರಿಗೆ ತಾರೀಕು ಗೊತ್ತಿತ್ತು. ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕು, ಮನೆ ಎಲ್ಲಿ ಮಾಡಬೇಕು ಎಂದು ಯೋಚಿಸಲು ಮೂರು ವರ್ಷ ಇತ್ತು. ನನಗೆ ಸಿಕ್ಕಿದ್ದು ಹತ್ತೊಂಬತ್ತೂವರೆ ಗಂಟೆ. ಅದೇ ನಾನು ಬಿಟ್ಟು ಹೋಗಬೇಕೆಂದರೆ ಕಂಪನಿಗೆ 90 ದಿನದ ನೋಟಿಸ್ ಕೊಡಬೇಕಿತ್ತು. 2016ರಲ್ಲಿ ಶೇ 40 ಜಾಸ್ತಿ ಸಂಬಳಕ್ಕೆ ಬೇರೆ ಕಂಪನಿ ಕರೆದಿತ್ತು. 'ನೀವು ಹೋದರೆ ಈ ಪ್ರಾಜೆಕ್ಟ್ ನಿಲ್ಲುತ್ತೆ, ದಯವಿಟ್ಟು ಇರಿ' ಎಂದು ಆಗಿನ ಮ್ಯಾನೇಜರ್ ಕೇಳಿಕೊಂಡರು. ಇದ್ದೆ. ನನಗೆ ಅದರಲ್ಲಿ ಈಗಲೂ ಪಶ್ಚಾತ್ತಾಪ ಇಲ್ಲ, ಅವರು ಮನುಷ್ಯರಾಗಿ ಕೇಳಿದ್ದರು.

2019ರ ಆಗಸ್ಟ್ ನಿಮಗೂ ನೆನಪಿರಬೇಕು. ಚಾರ್ಮಾಡಿ ಘಾಟಿ ಕುಸಿದು, ಮೂಡಿಗೆರೆ ಸೀಮೆಯಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ನಾನು ರಜೆ ಹಾಕಿ ಊರಿಗೆ ಬಂದು ಅಲ್ಲೇ ಸಿಕ್ಕಿಕೊಂಡಿದ್ದೆ. ಅಮೆರಿಕದ ಒಂದು ಗ್ರಾಹಕ ಸಂಸ್ಥೆಯ ಸಂಬಳ ಲೆಕ್ಕದ ಸಾಫ್ಟ್‌ವೇರ್ ಆ ವಾರ ಬಿಡುಗಡೆ ಆಗಬೇಕಿತ್ತು. ಪರೀಕ್ಷೆ ಮಾಡಿ ಒಪ್ಪಿಗೆ ಕೊಡಬೇಕಾದವಳು ನಾನು. ಸಿಗ್ನಲ್ ಸಿಗುತ್ತಿದ್ದುದು ನಮ್ಮ ಮನೆಯಿಂದ ಅರ್ಧ ಗಂಟೆ ಹತ್ತಿ ಹೋದರೆ ಸಿಗುವ ಒಂದು ಬಂಡೆಯ ಹತ್ತಿರ. ತಮ್ಮ ಕೊಡೆ ಹಿಡಿದು ನಿಂತ. ಜಿಗಣೆ ಕಾಲಿಗೆ ಹತ್ತುತ್ತಿತ್ತು. ಯಾರದ್ದೋ ಜೀಪಿನ ಬ್ಯಾಟರಿಯಿಂದ ಚಾರ್ಜ್ ಮಾಡಿಕೊಂಡ ಫೋನಿನಲ್ಲಿ, ಒಂದೊಂದೇ ಫಲಿತಾಂಶ ಕೇಳಿ, ಸರಿ ತಪ್ಪು ಹೇಳಿ, ಕೆಲಸ ಮುಗಿಸಿದೆ. ಯಾರೂ ಮಾಡು ಎಂದಿರಲಿಲ್ಲ. ನಾವು ಉಂಡ ಮನೆಯ ಜಂತೆ ಎಣಿಸಿದವರಲ್ಲ ಸರ್. ಮನೆ ಸೋರಿದಾಗ ರಾತ್ರಿಯೆಲ್ಲ ಎದ್ದು ಪಾತ್ರೆ ಇಟ್ಟವರು.

ಈಗ ಲೆಕ್ಕಕ್ಕೆ ಬರುತ್ತೇನೆ, ಯಾಕೆಂದರೆ 'ರಾಜೀನಾಮೆ' ಅನ್ನುವುದು ಬರೀ ಮಾತಿನ ವಿಷಯ ಎಂದು ತುಂಬ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ಕಾರ್ಮಿಕರನ್ನು ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕಿತ್ತು. ಅದರ ಮೇಲೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಸರ್ಕಾರಕ್ಕೂ ತಿಳಿಸಬೇಕಿತ್ತು. ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕಿತ್ತು, ಮುಂದೆ ಮತ್ತೆ ಜನ ಬೇಕಾದರೆ ತೆಗೆದವರನ್ನು ಮೊದಲು ಕರೆಯಬೇಕಿತ್ತು. ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ 15 ದಿನದ ಲೆಕ್ಕ ಉಳಿದಿದೆ. ಕೆಲಸ ಕಳೆದುಕೊಂಡವರು ಹೊಸ ಕೌಶಲ ಕಲಿಯಲಿ ಎಂದು ಮಾಲೀಕರು ಇನ್ನೊಂದು 15 ದಿನದ ಸಂಬಳವನ್ನು ನಿಧಿಗೆ ಕಟ್ಟಬೇಕು ಅನ್ನುವುದು ಹೊಸದಾಗಿ ಸೇರಿದೆ.

ನನ್ನ 17 ವರ್ಷಕ್ಕೆ 15 ದಿನದಂತೆ 255 ದಿನ. ಎಂಟೂವರೆ ತಿಂಗಳ ಸಂಬಳ. ಕೊಟ್ಟಿದ್ದು ಮೂರು ತಿಂಗಳದು. ಗ್ರ್ಯಾಚುಟಿ ಬಂತು, ಆದರೆ ಅದು ಬೇರೆ ಲೆಕ್ಕ. ಐದು ವರ್ಷ ದುಡಿದವರು ತಾವಾಗಿ ಬಿಟ್ಟರೂ ಅದನ್ನು ಕೊಡಲೇಬೇಕು. ಅಂದರೆ ಆ 'ವೈಯಕ್ತಿಕ ಕಾರಣ' ಒತ್ತಿದ ಒಂದು ಕ್ಲಿಕ್ಕಿಗೆ ಐದೂವರೆ ತಿಂಗಳ ಸಂಬಳ ಹೋಯಿತು.

'ನೀವು ಲೀಡ್, ಅಂದರೆ ತಂಡದ ಮುಂದಾಳು, ಆಡಳಿತ ವರ್ಗ, ಕಾರ್ಮಿಕ ಕಾನೂನು ನಿಮಗಲ್ಲ' ಎಂದು ಕಂಪನಿ ಹೇಳಬಹುದು. ಆಡಳಿತ ವರ್ಗಕ್ಕೆ ಅದು ಅನ್ವಯಿಸುವುದಿಲ್ಲ, ನಿಜ. ಆದರೆ ನನಗೆ ಒಬ್ಬರ ಅರ್ಧ ದಿನದ ರಜೆ ಮಂಜೂರು ಮಾಡುವ ಅಧಿಕಾರ ಇರಲಿಲ್ಲ. ಹುದ್ದೆಯ ಹೆಸರಿನಲ್ಲಿ ಮಾತ್ರ 'ಲೀಡ್' ಇತ್ತು. ಕೆಲಸ ಏನು ಮಾಡುತ್ತಿದ್ದೆ ಅನ್ನುವುದನ್ನು ನೋಡಿ ತೀರ್ಮಾನ ಆಗಬೇಕು. ಆ ವಾದಕ್ಕೆ ಹೋಗುವ ದಾರಿಯನ್ನೇ ರಾಜೀನಾಮೆ ಮುಚ್ಚುತ್ತದೆ. ತಾನಾಗಿ ಬಿಟ್ಟವಳು ಯಾವ ಮುಖ ಇಟ್ಟುಕೊಂಡು ಕಾರ್ಮಿಕ ಇಲಾಖೆಗೆ ಹೋಗುತ್ತಾಳೆ?

ಇನ್ನೂ ಇದೆ. ಮನೆ ಸಾಲದ ಜೊತೆ, ಕೆಲಸ ಹೋದರೆ ಕೆಲವು ಕಂತು ಕಟ್ಟುವ ಒಂದು ವಿಮೆ ಮಾಡಿಸಿದ್ದೆ. ಅವರು ಮೊದಲು ಕೇಳಿದ್ದೇ ರಿಲೀವಿಂಗ್ ಲೆಟರ್. 'ಇದು ರಾಜೀನಾಮೆ ಮೇಡಂ, ಇದಕ್ಕೆ ಬರಲ್ಲ' ಎಂದರು. ಆಮೇಲೆ ಬೇರೆ ಕಂಪನಿಗಳ ಇಂಟರ್‌ವ್ಯೂ. 39 ವರ್ಷದ ಹೆಂಗಸು, 17 ವರ್ಷದ ಕೆಲಸವನ್ನು ವೈಯಕ್ತಿಕ ಕಾರಣಕ್ಕೆ ಬಿಟ್ಟಿದ್ದಾಳೆ. ಮೂರು ಕಡೆ ಒಂದೇ ಪ್ರಶ್ನೆ ಕೇಳಿದರು: "ಪರ್ಸನಲ್ ಅಂದ್ರೆ ಏನು ಮೇಡಂ, ಮದುವೆನಾ? ಮಕ್ಕಳಾ? ಏನಾದ್ರೂ ಹೆಲ್ತ್ ಇಶ್ಯೂನಾ?" ಕಂಪನಿಯೇ ಕಳಿಸಿತು ಎಂದರೆ, 'ಲೆಟರಿನಲ್ಲಿ ಹಾಗಿಲ್ಲವಲ್ಲ' ಎನ್ನುತ್ತಿದ್ದರು. ನಿಜ ಹೇಳಿದವಳೇ ಸುಳ್ಳಿಯಾದೆ.

ಆ ವಾರ ನಮ್ಮ ವಿಭಾಗದಿಂದ ಹೋದವರು 43 ಜನ. ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿಕೊಂಡಿದ್ದೇವೆ. ಎಲ್ಲರ ಅಭಿಪ್ರಾಯ ಒಂದೇ ಅಲ್ಲ. ಅರಸೀಕೆರೆಯ ಒಬ್ಬರು, 'ದುಡಿದೆ, ಸಂಬಳ ಕೊಟ್ಟರು, ಲೆಕ್ಕ ಚುಕ್ತಾ, ಇದರಲ್ಲಿ ನಿಷ್ಠೆ ಎಲ್ಲಿಂದ ಬಂತು' ಎನ್ನುತ್ತಾರೆ. ಇನ್ನೊಬ್ಬಳು ಇವತ್ತಿಗೂ ಐಡಿ ಕಾರ್ಡಿನ ಪಟ್ಟಿಯನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದಾಳೆ. ಒಳಗೆ ಉಳಿದವರ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಈಗ ಅಲ್ಲಿ ಯಾರೂ ಯಾರಿಗೂ ಕೆಲಸ ಕಲಿಸುವುದಿಲ್ಲವಂತೆ. ಕಲಿಸಿದರೆ, ಕಡಿಮೆ ಸಂಬಳದ ಹುಡುಗ ತಯಾರಾದ ಅಂತ ಮುಂದಿನ ಪಟ್ಟಿಯಲ್ಲಿ ತನ್ನ ಹೆಸರು ಬರಬಹುದು ಎಂಬ ಭಯ. ನನ್ನ ಹತ್ತಿರ ಒಂದು ನೀಲಿ ನೋಟ್‌ಬುಕ್ ಇತ್ತು. ತಿಂಗಳ ಕೊನೆಗೆ ಯಾವ ಫೈಲ್ ಎಲ್ಲಿ ಕೈ ಕೊಡುತ್ತದೆ, ಏನು ಮಾಡಬೇಕು ಎಂದು 11 ವರ್ಷ ಬರೆದಿಟ್ಟಿದ್ದೆ. ಹೊಸಬರಿಗೆಲ್ಲ ಅದನ್ನೇ ಕೊಡುತ್ತಿದ್ದೆ. ನಾನು ಹೋದ ಆರನೇ ವಾರ, ರಾತ್ರಿ ಹತ್ತೂವರೆಗೆ ಟೀಮಿನ ಒಬ್ಬ ಹುಡುಗಿ ಫೋನ್ ಮಾಡಿ ಅಳುತ್ತಿದ್ದಳು. ಫೈಲ್ ನಿಂತಿತ್ತು. ನಲವತ್ತು ನಿಮಿಷ ಹೇಳಿಕೊಟ್ಟೆ. ತಮ್ಮ ನನ್ನ ಮೇಲೆ ಸಿಟ್ಟಾದ. ಕಂಪನಿಗಾಗಿ ಮಾಡಲಿಲ್ಲ, ಆ ಮಗು ಬೆಳಗಿನ ತನಕ ಒಬ್ಬಳೇ ಕೂರಬಾರದು ಅಂತ ಮಾಡಿದೆ.

ಆ ಮ್ಯಾನೇಜರ್ ಹುಡುಗನೂ ಒಂದು ರಾತ್ರಿ ತನ್ನ ಸ್ವಂತ ನಂಬರಿನಿಂದ ಫೋನ್ ಮಾಡಿದ್ದ. "ಅಕ್ಕ, ಆ ಹಾಳೆಯಲ್ಲಿ ಇಲ್ಲದ ಒಂದು ಮಾತೂ ಆಡಬಾರದು ಅಂದಿದ್ರು" ಎಂದ. ಅವನ ಮೇಲೆ ನನಗೆ ಕೋಪ ಇಲ್ಲ.

ಟ್ರೈನಿಂಗ್‌ನಲ್ಲಿ ನಮಗೆ ಒಂದು ಕಥೆ ಹೇಳಿದ್ದರು. 1930ರ ದಶಕದಲ್ಲಿ ಅಮೆರಿಕವೇ ಮುಗ್ಗರಿಸಿ ಬಿದ್ದಾಗ ಲೆಕ್ಕದ ಯಂತ್ರಗಳ ಕಂಪನಿ ಐಬಿಎಂನ ಮುಖ್ಯಸ್ಥ ಥಾಮಸ್ ವಾಟ್ಸನ್ ಜನರನ್ನು ಮನೆಗೆ ಕಳಿಸದೆ ಯಂತ್ರ ತಯಾರಿಸುತ್ತಲೇ ಇದ್ದರು. 1935ರಲ್ಲಿ ಅಲ್ಲಿನ ಸರ್ಕಾರ ಸಾಮಾಜಿಕ ಭದ್ರತೆಯ ಕಾಯ್ದೆ ತಂದಾಗ ಅಷ್ಟು ದೊಡ್ಡ ಲೆಕ್ಕದ ಕೆಲಸಕ್ಕೆ ತಯಾರಿದ್ದ ಕಂಪನಿ ಅದೇ. ಜನರನ್ನು ಉಳಿಸಿಕೊಂಡರೆ ಕಂಪನಿ ಉಳಿಯುತ್ತದೆ ಎಂದು ನಮಗೆ ಕಲಿಸಿದರು. ಅದೇ ಐಬಿಎಂನಿಂದ 1993ರಲ್ಲಿ ಸುಮಾರು 60 ಸಾವಿರ ಜನ ಹೊರಗೆ ಹೋದರು ಅನ್ನುವ ಉಳಿದ ಅರ್ಧ ಕಥೆ ನಾನು ಆಮೇಲೆ ಓದಿಕೊಂಡಿದ್ದು. ಕಷ್ಟ ಬಂದಾಗ ಕಂಪನಿಗಳು ಜನರನ್ನು ಕಡಿಮೆ ಮಾಡುತ್ತವೆ, ಅದು ನನಗೂ ಗೊತ್ತು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಜನರನ್ನು ತೆಗೆಯುವುದಾಗಿ ಹೇಳಿತು. ಓದಿ ಹೊಟ್ಟೆ ಉರಿಯಿತು. ಆದರೆ ಸಂಖ್ಯೆಯನ್ನು ಹೊರಗೆ ಹೇಳಿತು. ಅದರ ಮೇಲೆ ಸರ್ಕಾರ ಕೇಳಬಹುದು, ಸಂಘಗಳು ಕೇಳಬಹುದು, ಪತ್ರಿಕೆ ಬರೆಯಬಹುದು. ನಮ್ಮ 43 ಜನರ ಸುದ್ದಿ ಎಲ್ಲೂ ಬರಲಿಲ್ಲ. ಯಾಕೆಂದರೆ ದಾಖಲೆಯಲ್ಲಿ ಯಾರನ್ನೂ ತೆಗೆದೇ ಇಲ್ಲ.

ಅಮೆರಿಕದಲ್ಲಿ 1988ರ ಕಾನೂನಿನ ಪ್ರಕಾರ 100 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಗಳು ದೊಡ್ಡ ಸಂಖ್ಯೆಯಲ್ಲಿ ಜನರನ್ನು ತೆಗೆಯುವಾಗ 60 ದಿನ ಮೊದಲೇ ಬರೆದು ತಿಳಿಸಬೇಕು. ನಮ್ಮಲ್ಲಿ ಕಾರ್ಖಾನೆ, ಗಣಿ, ತೋಟ ದೊಡ್ಡದಿದ್ದರೆ ಸರ್ಕಾರದ ಅನುಮತಿ ಬೇಕು. ಅಪ್ಪನ ತೋಟ ಆ ಪಟ್ಟಿಗೆ ಬರುತ್ತದೆ, ನನ್ನ ಗಾಜಿನ ಕಟ್ಟಡ ಬರುವುದಿಲ್ಲ. ಕೆಲಸದ ಷರತ್ತುಗಳನ್ನು ಮಾಲೀಕರು ಬರೆದಿಡಬೇಕು ಎನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ನಮ್ಮ ರಾಜ್ಯ ಸರ್ಕಾರ ವಿನಾಯಿತಿ ಕೊಡುತ್ತಲೇ ಬಂದಿತ್ತು. 2024ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿತು. ಅದಕ್ಕೆ ಷರತ್ತುಗಳಿದ್ದವು. ನೌಕರರನ್ನು ಅಮಾನತು ಮಾಡಿದರೆ, ವಜಾ ಮಾಡಿದರೆ, ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅನ್ನುವುದು ಅದರಲ್ಲೊಂದಾಗಿತ್ತು. ರಾಜೀನಾಮೆ ಆದರೆ ತಿಳಿಸಬೇಕಿರಲಿಲ್ಲ. ನನ್ನ ಕೈಯಲ್ಲಿ ಅದನ್ನೇ ಯಾಕೆ ಬರೆಸಿದರು ಎಂದು ಈಗ ಅರ್ಥವಾಗುತ್ತದೆ ಅಲ್ವಾ?

ಹಾಗಾಗಿ ಕಾರ್ಮಿಕ ಇಲಾಖೆಯನ್ನು ನಾನು ಕೇಳುವುದು ಇಷ್ಟು. ರಾಜೀನಾಮೆಗಳ ಲೆಕ್ಕವನ್ನೂ ತಾರೀಕಿನ ಸಮೇತ ತರಿಸಿಕೊಳ್ಳಿ. ಒಂದೇ ಕಂಪನಿಯ ಒಂದೇ ವಿಭಾಗದ 43 ಜನಕ್ಕೆ ಒಂದೇ ವಾರದಲ್ಲಿ 'ವೈಯಕ್ತಿಕ ಕಾರಣ' ಬಂದರೆ, ಕರೆದು ಕೇಳಿ. ರಾಜೀನಾಮೆಯ ಕಾರಣಗಳ ಪಟ್ಟಿಯಲ್ಲಿ 'ಕಂಪನಿ ಹೇಳಿದ್ದರಿಂದ' ಅನ್ನುವ ಒಂದು ಸಾಲು ಸೇರಿಸಲು ಹೇಳಿ. ಒಂದು ದಿನದ ಗಡುವಿನಲ್ಲಿ ತೆಗೆದುಕೊಂಡ ರಾಜೀನಾಮೆಯನ್ನು ಇಷ್ಟು ದಿನದ ಒಳಗೆ ವಾಪಸ್ ಪಡೆಯಬಹುದು ಎಂದು ನಿಯಮ ಮಾಡಿ. ಕಂಪನಿಗಳು ಜನರನ್ನು ತೆಗೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ತೆಗೆದಿದ್ದರೆ ತೆಗೆದಿದ್ದೇವೆ ಎಂದೇ ಬರೆದುಕೊಡಲಿ.

ನಾನೀಗ ಇಲ್ಲೇ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ ಲೆಕ್ಕದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಸಂಬಳ ಆಗಿನ ಮೂರನೇ ಒಂದು ಭಾಗ. ಅಣ್ಣನ ಮಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ, ಕ್ಯಾಂಪಸ್ ಇಂಟರ್‌ವ್ಯೂ ನಡೆಯುತ್ತಿದೆ. "ಅತ್ತೆ, ನೀನು ಒಂದೇ ಕಡೆ ಅಷ್ಟು ವರ್ಷ ಯಾಕಿದ್ದೆ?" ಎಂದು ಮೊನ್ನೆ ಕೇಳಿದ. ಒಳ್ಳೆಯ ಜನ ಇದ್ದರು, ಒಳ್ಳೆಯ ಕೆಲಸ ಇತ್ತು, ಅದಕ್ಕೆ ಇದ್ದೆ ಎಂದೆ. ಮನಸ್ಸಿಟ್ಟು ಕೆಲಸ ಮಾಡು, ಜೊತೆಯವರಿಗೆ ಕಲಿಸು ಎಂದೂ ಹೇಳಿದೆ. ಎರಡು ವರ್ಷಕ್ಕೆ ಕಂಪನಿ ಬಿಟ್ಟರೆ ನಿಷ್ಠೆ ಇಲ್ಲದವನಾಗುತ್ತಾನೆ ಎಂದು ಮಾತ್ರ ನಾನು ಅವನಿಗೆ ಹೇಳಲಾರೆ. ಆ ಹಿರಿಯರೂ ಹೇಳಬಾರದು ಎಂದು ಕೈ ಮುಗಿದು ಕೇಳುತ್ತೇನೆ.

ನನ್ನ ಹೆಸರು, ವಿಳಾಸ, ಫೋನ್ ನಂಬರನ್ನು ನಿಮ್ಮ ತಿಳಿವಳಿಕೆಗೆ ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ. ದಯವಿಟ್ಟು ಅಚ್ಚು ಹಾಕಬೇಡಿ. ಆ ಮೂರು ತಿಂಗಳ ಸಂಬಳ ಕೊಡುವಾಗ, ಕಂಪನಿಯ ಬಗ್ಗೆ ಹೊರಗೆ ಮಾತನಾಡುವುದಿಲ್ಲ ಎಂಬ ಕಾಗದಕ್ಕೂ ಸಹಿ ಹಾಕಿಸಿಕೊಂಡಿದ್ದಾರೆ.

ಇತಿ,
ನಿಮ್ಮ ಓದುಗಳು
ಚಿಕ್ಕಮಗಳೂರು